‘ಏಕಾಏಕಿ’ ಎಂಬ ಸುಳ್ಳು

2016ರ ಫೆಬ್ರವರಿ ಮೊದಲ ವಾರ. ನಾನಾಗ ಕ್ಯಾಮೆರಾ ಮುಂದೆ ಕೂರುವ ಆಂಕರ್ ಅಲ್ಲ. ಡೆಸ್ಕಿನಲ್ಲಿ ಕೂತು ಪರದೆಯ ಕೆಳಗೆ ಓಡುವ ಟಿಕ್ಕರ್ ಬರೆಯುವ ಹುಡುಗ. ಸಿಯಾಚಿನ್‌ನಿಂದ ಸುದ್ದಿ ಬಂತು. 19,600 ಅಡಿ ಎತ್ತರದ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟ್‌ನ ಹತ್ತು ಯೋಧರು ಹೂತುಹೋಗಿದ್ದಾರೆ. ಹತ್ತರಲ್ಲಿ ಮೂವರು ನಮ್ಮವರು. ಒಬ್ಬರು ಹಾಸನ ಜಿಲ್ಲೆಯವರು, ಒಬ್ಬರು ಮೈಸೂರು ಜಿಲ್ಲೆಯವರು, ಇನ್ನೊಬ್ಬರು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು. ನಾನು ಟಿಕ್ಕರ್ ಬರೆದೆ: ‘ಸಿಯಾಚಿನ್‌ನಲ್ಲಿ ಏಕಾಏಕಿ ಹಿಮಪಾತ’.

ಆರು ದಿನವಾದ ಮೇಲೆ ಬೆಟದೂರಿನ ಆ ಹುಡುಗ, ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಇಪ್ಪತ್ತೈದು ಅಡಿಗೂ ಹೆಚ್ಚು ಹಿಮದ ಕೆಳಗೆ ಜೀವಂತ ಸಿಕ್ಕಾಗ ನಾಡಿಗೆ ನಾಡೇ ಟೀವಿ ಮುಂದೆ ಕೂತಿತ್ತು. ಆಗ ನಾನು ‘ಪವಾಡ’ ಅಂತ ಬರೆದೆ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ‘ವಿಧಿಯಾಟ’ ಅಂತ ಬರೆದೆ. ಮೂರು ಪದ: ಏಕಾಏಕಿ, ಪವಾಡ, ವಿಧಿಯಾಟ. ನಮ್ಮ ಕೆಲಸ ಮುಗಿದಿತ್ತು.

ಆ ವಾರ ಡೆಸ್ಕಿಗೊಂದು ಫೋನ್ ಬಂತು. ಧಾರವಾಡದ ಕಡೆಯ ನಿವೃತ್ತ ಸೈನಿಕರು. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಆವತ್ತು ಕೇಳುವಷ್ಟು ಪುರುಸೊತ್ತೂ ಇರಲಿಲ್ಲ. “ತಮ್ಮಾ, ಹಿಮಪಾತ ಅಂದ್ರ ಹಿಮ ಬೀಳೂದು. ಅದು ಅಲ್ಲಿ ದಿನಾ ಬೀಳ್ತದ. ಇದು ಕುಸಿತ. ಮತ್ತ ‘ಏಕಾಏಕಿ’ ಅಂತ ಬ್ಯಾರೆ ಹಾಕೀರಿ. ಗುಡ್ಡದಾಗ ಹಿಮ ಏಕಾಏಕಿ ಏನೂ ಮಾಡಂಗಿಲ್ಲ” ಅಂದರು. ಫೋನ್ ಇಟ್ಟುಬಿಟ್ಟರು.

ಟಿಕ್ಕರ್ ಬದಲಾಗಲಿಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಮೊದಲನೇ ತಪ್ಪು ಭಾಷೆಯದ್ದು. ನಮ್ಮ ನೆಲದಲ್ಲಿ ಹಿಮ ಬೀಳುವುದಿಲ್ಲ. ಹಾಗಾಗಿ ಆಕಾಶದಿಂದ ಹಿಮ ಉದುರಿದರೂ ಹಿಮಪಾತ, ಬೆಟ್ಟದಿಂದ ಲಕ್ಷಾಂತರ ಟನ್ ಹಿಮ ಜಾರಿ ಬಂದರೂ ಹಿಮಪಾತ ಅಂತಲೇ ಬರೆದುಕೊಂಡು ಬಂದೆವು. ಮಳೆ ಬರುವುದನ್ನೂ ಕೆರೆ ಒಡೆಯುವುದನ್ನೂ ಒಂದೇ ಪದದಲ್ಲಿ ಹೇಳಿದ ಹಾಗೆ ಇದು. ಎರಡನೇ ತಪ್ಪು ದೊಡ್ಡದು. ಆ ‘ಏಕಾಏಕಿ’. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಆ ಒಂದು ಪದದ ಬಗ್ಗೆ. ಆ ಪದದ ಮರೆಯಲ್ಲಿ ನೂರು ವರ್ಷಗಳಿಂದ ಯಾರ್ಯಾರು ತಪ್ಪಿಸಿಕೊಂಡಿದ್ದಾರೆ, ಯಾರ್ಯಾರು ಸತ್ತಿದ್ದಾರೆ ಅನ್ನೋದರ ಬಗ್ಗೆ.

ಅದಕ್ಕೆ ಮೊದಲು ನನ್ನದೇ ಒಂದು ಕಥೆ ಹೇಳಿಬಿಡ್ತೀನಿ.

ಎಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿದ ಬೇಸಿಗೆ. ಮೇ ತಿಂಗಳು. ಬೆಂಗಳೂರಿನಿಂದ ನಾವು ಆರು ಜನ ಗೆಳೆಯರು ಹಿಮಾಚಲದ ಸರ್ ಪಾಸ್ ಚಾರಣಕ್ಕೆ ಹೋಗಿದ್ದೆವು. ಪಾರ್ವತಿ ಕಣಿವೆಯ ಕಸೋಲ್‌ನಿಂದ ಶುರುವಾಗುವ ದಾರಿ, ಸುಮಾರು 13,800 ಅಡಿವರೆಗೆ ಏರುತ್ತದೆ. ಪಾಸ್ ದಾಟುವ ದಿನ ಗೈಡ್ ನಮ್ಮನ್ನು ಎಬ್ಬಿಸಿದ್ದು ಬೆಳಗಿನ ಜಾವ ಎರಡೂವರೆಗೆ. ಹೊರಗೆ ಮೂಳೆ ಕೊರೆಯುವ ಚಳಿ. ‘ಬೆಳಕು ಹರಿದ ಮೇಲೆ ಹೋದ್ರೆ ಇವನ ಗಂಟೇನು ಹೋಗುತ್ತೆ?’ ಅಂತ ಬೈದುಕೊಂಡೇ ಹೊರಟೆ. ಬೇಕಂತಲೇ ನಿಧಾನ ಮಾಡಿದೆ. ಸೂರ್ಯ ಹುಟ್ಟಿದ ಮೇಲೆ ಫೋಟೋ ತೆಗೆಯುತ್ತಾ ನಿಂತೆ. ನನ್ನಿಂದಾಗಿ ಇಡೀ ಗುಂಪು ಒಂದೂವರೆ ಗಂಟೆ ತಡವಾಯಿತು.

ಬೆಳಿಗ್ಗೆ ಆರಕ್ಕೆ ರಸ್ತೆಯಷ್ಟು ಗಟ್ಟಿಯಾಗಿದ್ದ ಹಿಮ ಹತ್ತೂವರೆಗೆ ಬೇರೆಯೇ ಆಗಿತ್ತು. ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತಿತ್ತು, ಒಂದು ಕಡೆ ತೊಡೆಯವರೆಗೂ ಇಳಿಯಿತು. ಬಲಗಡೆಯ ಇಳಿಜಾರಿನಿಂದ ಲಿಂಬೆಹಣ್ಣಿನ ಗಾತ್ರದ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದವು. ಉರುಳುತ್ತಾ ಉರುಳುತ್ತಾ ತೆಂಗಿನಕಾಯಿ ಗಾತ್ರ ಆಗುತ್ತಿದ್ದವು. ನಮಗೆ ಅದೊಂದು ತಮಾಷೆ. ವಿಡಿಯೋ ಮಾಡಿಕೊಂಡೆವು. ಅಲ್ಲಿಯವರೆಗೂ ನಗುನಗುತ್ತಲೇ ಇದ್ದ ಗೈಡ್ ಮೊದಲ ಬಾರಿಗೆ ಕಿರುಚಿದ. ಒಬ್ಬೊಬ್ಬರನ್ನೇ, ಒಬ್ಬರಿಗೊಬ್ಬರು ದೂರ ಬಿಟ್ಟು, ಆ ಇಳಿಜಾರು ದಾಟಿಸಿದ. ನಾವು ದಾಟಿ ಅರ್ಧ ಗಂಟೆಯಾಗಿರಬಹುದು. ಹಿಂದೆ ತಿರುಗಿ ನೋಡಿದರೆ ನಮ್ಮ ಹೆಜ್ಜೆಗುರುತುಗಳಿದ್ದ ಜಾಗ ಇರಲಿಲ್ಲ. ದೊಡ್ಡ ಸದ್ದೂ ಬಂದಿರಲಿಲ್ಲ. ಲಾರಿಯಿಂದ ಮರಳು ಸುರಿದಂತೆ ‘ಸರ್’ ಅಂತ ಒಂದು ಸದ್ದು, ಅಷ್ಟೇ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಸಾಯಿಲ್ ಮೆಕ್ಯಾನಿಕ್ಸ್‌ನಲ್ಲಿ ಇಳಿಜಾರು ಯಾಕೆ ಕುಸಿಯುತ್ತೆ ಅಂತ ಹದಿನೈದು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದು ಪಾಸಾದವನು. ಆದರೆ ಅವತ್ತು ಕಣ್ಣೆದುರೇ ಇಳಿಜಾರು ಎಚ್ಚರಿಕೆ ಕೊಡುತ್ತಿದ್ದಾಗ ನಾನು ವಿಡಿಯೋ ಮಾಡುತ್ತಿದ್ದೆ!

ಇಷ್ಟಕ್ಕೂ ಅಲ್ಲಿ ಆಗಿದ್ದೇನು? ಸರಳವಾಗಿ ಹೇಳ್ತೀನಿ ಕೇಳಿ.

ಚಳಿಗಾಲವಿಡೀ ಬೆಟ್ಟದ ಮೇಲೆ ಹಿಮ ಪದರ ಪದರವಾಗಿ ಕೂರುತ್ತೆ. ಎಲ್ಲ ಪದರಗಳೂ ಒಂದೇ ಥರ ಇರುವುದಿಲ್ಲ. ಕೆಲವು ಗಟ್ಟಿ, ಕೆಲವು ಸಕ್ಕರೆಯಂತೆ ಪುಡಿಪುಡಿ. ಆ ಪುಡಿ ಪದರದ ಮೇಲೆ ಗಟ್ಟಿ ಪದರ ಕೂತಿದ್ದರೆ, ಗೋಲಿಗಳ ಮೇಲೆ ಹಲಗೆ ಇಟ್ಟ ಹಾಗೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಅಪಾಯ ಹೆಚ್ಚು. ಅದಕ್ಕಿಂತ ಕಡಿದಾದರೆ ಹಿಮ ಹೆಚ್ಚು ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತೆ. ಅದಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಜಾರುವುದಿಲ್ಲ. ಚಳಿಗಾಲದ ಕುಸಿತ ಹೆಚ್ಚಾಗಿ ಹೀಗೆ, ಭಾರದಿಂದ ಆಗುವಂಥದ್ದು. ಹೊಸ ಹಿಮದ ಭಾರ, ಗಾಳಿ ತಂದು ಗುಡ್ಡೆ ಹಾಕಿದ ಹಿಮದ ಭಾರ, ಇಲ್ಲವೇ ಅದರ ಮೇಲೆ ನಡೆಯುವ ಮನುಷ್ಯನ ಭಾರ. ಹಿಮಕುಸಿತಕ್ಕೆ ಸಿಕ್ಕಿ ಸಾಯುವ ಚಾರಣಿಗರಲ್ಲಿ, ಸ್ಕೀ ಮಾಡುವವರಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ಅವರೇ ಅಥವಾ ಅವರ ಜೊತೆಗಾರರೇ ತುಳಿದು ಕೆಡವಿದ ಹಿಮ.

ವಸಂತ ಬಂದಾಗ ಆಟದ ನಿಯಮ ಬದಲಾಗುತ್ತೆ. ಈಗ ಶತ್ರು ಭಾರ ಅಲ್ಲ, ನೀರು. ಹಗಲು ಬಿಸಿಲಿಗೆ ಮೇಲಿನ ಹಿಮ ಕರಗುತ್ತೆ. ರಾತ್ರಿ ಆಕಾಶ ನಿಚ್ಚಳವಾಗಿದ್ದರೆ ಆ ಶಾಖವೆಲ್ಲ ಮೇಲೆ ಹೋಗಿ, ನೀರು ಮತ್ತೆ ಹೆಪ್ಪುಗಟ್ಟಿ, ಬೆಳಗಿನ ಜಾವಕ್ಕೆ ಕಾಂಕ್ರೀಟ್ ಸ್ಲ್ಯಾಬ್‌ನಂಥ ಪದರವಾಗುತ್ತೆ. ಆಗ ಅದರ ಮೇಲೆ ಕುದುರೆ ಓಡಿಸಬಹುದು. ಸೂರ್ಯ ಏರಿದಂತೆ ಮೊದಲು ಪೂರ್ವದ ಇಳಿಜಾರು, ಆಮೇಲೆ ದಕ್ಷಿಣ, ಮಧ್ಯಾಹ್ನದ ನಂತರ ಪಶ್ಚಿಮ, ಹೀಗೆ ಒಂದೊಂದಾಗಿ ಸಡಿಲವಾಗುತ್ತಾ ಹೋಗುತ್ತವೆ. ಕರಗಿದ ನೀರು ಒಳಗಿಳಿದು, ಹರಳು ಹರಳನ್ನು ಹಿಡಿದಿಟ್ಟ ಬೆಸುಗೆಯನ್ನೇ ಬಿಡಿಸುತ್ತೆ. ಉತ್ತರದ ಇಳಿಜಾರು ಮಾತ್ರ ಚಳಿಗಾಲದ ಗುಣವನ್ನೇ ಇಟ್ಟುಕೊಂಡು ಕೂತಿರುತ್ತೆ. ಅದರ ಅಪಾಯ ಬೇರೆ. ರಾತ್ರಿಯಿಡೀ ಮೋಡ ಕವಿದಿದ್ದರೆ? ಹಿಮ ಹೆಪ್ಪುಗಟ್ಟುವುದೇ ಇಲ್ಲ, ಬೆಳಿಗ್ಗೆಯೇ ಅಪಾಯ ಶುರು. ಹಿಮದ ಮೇಲೆ ಮಳೆ ಬಿದ್ದರಂತೂ ಕೇಳಲೇಬೇಡಿ.

ನಾನು ಬೈದುಕೊಂಡಿದ್ದ ಎರಡೂವರೆ ಗಂಟೆಯ ಗುಟ್ಟು ಇದೇ. ಅವನು ಗಡಿಯಾರ ನೋಡಿ ಎಬ್ಬಿಸಿರಲಿಲ್ಲ. ಅವನು ಲೆಕ್ಕ ಹಾಕಿದ್ದು ಇಳಿಜಾರಿನ ಟೈಮ್‌ಟೇಬಲ್. ಉರುಳಿ ಬಂದ ಆ ಉಂಡೆಗಳು ಬೆಟ್ಟ ಬಾರಿಸಿದ ಗಂಟೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ತಿರ ಹೋದ ಮೇಲೂ ನುಣ್ಣಗೆ ಕಾಣಿಸಿದರೆ ತಪ್ಪು ಬೆಟ್ಟದ್ದಲ್ಲ.

ಈಗ ಇತಿಹಾಸಕ್ಕೆ ಬರೋಣ.

1910ರ ಫೆಬ್ರವರಿ ಕೊನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳಲ್ಲಿ ವೆಲ್ಲಿಂಗ್ಟನ್ ಅನ್ನುವ ಪುಟ್ಟ ರೈಲ್ವೆ ಊರು. ಗ್ರೇಟ್ ನಾರ್ದರ್ನ್ ರೈಲ್ವೆಯ ಎರಡು ರೈಲುಗಳು, ಒಂದು ಪ್ರಯಾಣಿಕರದ್ದು ಇನ್ನೊಂದು ಅಂಚೆಯದ್ದು, ಹಿಮದಲ್ಲಿ ಸಿಕ್ಕಿಬಿದ್ದವು. ಹಿಂದೆಯೂ ಹೋಗಲಾಗದು, ಮುಂದೆಯೂ ಹೋಗಲಾಗದು. ಒಂದು ದಿನವಲ್ಲ, ಎರಡು ದಿನವಲ್ಲ, ಹೆಚ್ಚು ಕಡಿಮೆ ವಾರವಿಡೀ ರೈಲುಗಳು ಕಡಿದಾದ ಇಳಿಜಾರಿನ ಕೆಳಗೇ ನಿಂತಿದ್ದವು. ಮೇಲಿದ್ದ ಕಾಡು ಬೆಂಕಿಗೆ, ಕೊಡಲಿಗೆ ಹೋಗಿತ್ತು. ಹಿಮವನ್ನು ಹಿಡಿದಿಡಲು ಮರಗಳಿರಲಿಲ್ಲ. ಪ್ರಯಾಣಿಕರಲ್ಲಿ ಕೆಲವರಿಗೆ ಭಯ ಹತ್ತಿತ್ತು. ರೈಲನ್ನು ಇಲ್ಲಿಂದ ಸರಿಸಿ, ಸುರಂಗದೊಳಗೆ ಒಯ್ಯಿರಿ ಅಂತ ಕೇಳಿಕೊಂಡರು. ಅಧಿಕಾರಿಗಳು ಒಪ್ಪಲಿಲ್ಲ. ಸುರಂಗದಲ್ಲಿ ಹೊಗೆ, ಚಳಿ, ಅಲ್ಲಿ ಕಷ್ಟ ಅನ್ನೋದು ಅವರ ವಾದ. ಕೆಲವರು ಕಾದು ಸಾಕಾಗಿ ನಡೆದೇ ಬೆಟ್ಟ ಇಳಿದರು. ಅವರು ಬದುಕಿದರು.

ಫೆಬ್ರವರಿ ಮುಗಿಯುವ ಹೊತ್ತಿಗೆ ಹವೆ ಬಿಸಿಯಾಯಿತು. ಹಿಮ ನಿಂತು ಮಳೆ ಶುರುವಾಯಿತು. ಮಾರ್ಚ್ 1ರ ರಾತ್ರಿ ಒಂದು ಗಂಟೆ ದಾಟಿದ ಮೇಲೆ, ಗುಡುಗು ಮಿಂಚಿನ ನಡುವೆ, ಇಡೀ ಇಳಿಜಾರು ಜಾರಿತು. ನಿದ್ದೆಯಲ್ಲಿದ್ದವರ ಸಮೇತ ಎರಡೂ ರೈಲುಗಳು ಕೆಳಗಿನ ಟೈ ನದಿಯ ಕಮರಿಗೆ ಬಿದ್ದವು. ಸತ್ತವರು 96 ಜನ. ಅಮೆರಿಕದ ಇತಿಹಾಸದಲ್ಲಿ ಅಷ್ಟು ಜನರನ್ನು ಕೊಂದ ಹಿಮಕುಸಿತ ಇನ್ನೊಂದಿಲ್ಲ. ಕೊನೆಯ ಶವ ಸಿಕ್ಕಾಗ ಹಿಮ ಕರಗಿ ಜುಲೈ ಬಂದಿತ್ತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೂರೇ ದಿನಗಳ ನಂತರ, ಮಾರ್ಚ್ 4ರ ರಾತ್ರಿ, ಗಡಿಯಾಚೆ ಕೆನಡಾದ ರೋಜರ್ಸ್ ಪಾಸ್. ಅಲ್ಲಿ ಹಳಿಯ ಮೇಲೆ ಬಿದ್ದಿದ್ದ ಒಂದು ಕುಸಿತವನ್ನು ತೆಗೆಯಲು ಕೂಲಿಗಳನ್ನು ಕಳಿಸಿದ್ದರು. ಅವರು ಸಲಿಕೆ ಹಿಡಿದು ಹಿಮ ಎತ್ತುತ್ತಿದ್ದಾಗ ಎದುರಿನ ಬೆಟ್ಟದಿಂದ ಇನ್ನೊಂದು ಕುಸಿತ ಬಂತು. 58 ಜನ ಸತ್ತರು. ಅದರಲ್ಲಿ 32 ಮಂದಿ ಜಪಾನಿನಿಂದ ಹೊಟ್ಟೆಪಾಡಿಗೆ ಬಂದಿದ್ದ ಕೆಲಸಗಾರರು.

ವೆಲ್ಲಿಂಗ್ಟನ್ ಪ್ರಕರಣ ಕೋರ್ಟಿಗೆ ಹೋಯಿತು. ಸತ್ತವರೊಬ್ಬರ ಕುಟುಂಬದವರು ರೈಲ್ವೆ ಕಂಪನಿ ಮೇಲೆ ದಾವೆ ಹೂಡಿದರು, ಕೆಳಗಿನ ಕೋರ್ಟಿನಲ್ಲಿ ಗೆದ್ದರು. ಆದರೆ 1914ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಇದು ಮನುಷ್ಯನ ಶಕ್ತಿ ಮೀರಿದ ಘಟನೆ, ದೈವಕೃತ್ಯ, ಕಂಪನಿಯ ಹೊಣೆಯಲ್ಲ ಅನ್ನೋದು ಅದರ ಸಾರ.

ನನ್ನ ‘ಏಕಾಏಕಿ’ಗೆ ಮುತ್ತಾತ ಸಿಕ್ಕಿದ್ದು ಇಲ್ಲಿ. ‘ದೈವಕೃತ್ಯ.’

ಈಗ ನೀವೇ ಹೇಳಿ. ವಾರವಿಡೀ ಹಿಮ ಬಿದ್ದಿದೆ, ಮೇಲಿನ ಕಾಡು ಬೋಳಾಗಿದೆ, ಹವೆ ಬಿಸಿಯಾಗಿದೆ, ಹಿಮದ ಮೇಲೆ ಮಳೆ ಸುರಿದಿದೆ, ಕೆಳಗಿದ್ದವರು ‘ರೈಲು ಸರಿಸಿ’ ಅಂದಿದ್ದಾರೆ. ಇದರಲ್ಲಿ ಏಕಾಏಕಿ ಯಾವುದು? ರೈಲ್ವೆ ಕಂಪನಿ ಆಮೇಲೆ ಏನು ಮಾಡಿತು ಗೊತ್ತಾ? ಊರಿನ ಹೆಸರನ್ನೇ ಬದಲಿಸಿತು. ವೆಲ್ಲಿಂಗ್ಟನ್ ಹೋಗಿ ‘ಟೈ’ ಆಯಿತು. ಹಳಿಯ ಮೇಲೆ ಕಾಂಕ್ರೀಟಿನ ಹಿಮರಕ್ಷಕ ಚಪ್ಪರ ಕಟ್ಟಿತು. ಅದೂ ಸಾಲದೆ ಹೊಸ ಉದ್ದನೆಯ ಸುರಂಗ ಕೊರೆದು 1929ರಲ್ಲಿ ಹಳೇ ದಾರಿಯನ್ನೇ ಕೈಬಿಟ್ಟಿತು. ಕೋರ್ಟಿನಲ್ಲಿ ದೇವರ ಕೆಲಸ ಅಂದವರು ಕಾಂಕ್ರೀಟ್ ಯಾಕೆ ಸುರಿದರು? ದೇವರನ್ನು ತಡೆಯಲಾ? ಅಲ್ಲ. ಆ ಇಳಿಜಾರು ಮತ್ತೆ ಜಾರುತ್ತೆ ಅಂತ ಅವರ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು.

ಹನ್ನೆರಡು ವರ್ಷದ ನಂತರ ನಮ್ಮದೇ ಹಿಮಾಲಯ. 1922ರ ಬ್ರಿಟಿಷ್ ಎವರೆಸ್ಟ್ ಸಾಹಸ. ಮುಂಗಾರು ಬಾಗಿಲಲ್ಲಿ ನಿಂತಿದೆ. ಜೂನ್ ಮೊದಲ ವಾರ ಜೋರಾಗಿ ಹಿಮ ಬಿತ್ತು. ಒಂದು ದಿನ ಬಿಸಿಲು ಕಾದರೆ ಹೊಸ ಹಿಮ ಕೂರುತ್ತೆ ಅಂದುಕೊಂಡರು. ಜೂನ್ 7ರಂದು ಜಾರ್ಜ್ ಮಲ್ಲೊರಿ, ಹೋವರ್ಡ್ ಸೋಮರ್‌ವೆಲ್, ಕಾಲಿನ್ ಕ್ರಾಫರ್ಡ್ ಎಂಬ ಮೂವರು ಸಾಹೇಬರು, ಅವರ ಹಿಂದೆ ಹದಿನಾಲ್ಕು ಮಂದಿ ಹೊರೆಯಾಳುಗಳು, ನಾರ್ತ್ ಕೋಲ್‌ನ ಇಳಿಜಾರು ಏರತೊಡಗಿದರು. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹಿಮ ಜಾರಿತು. ಒಂಬತ್ತು ಹೊರೆಯಾಳುಗಳು ಹಿಮಗೋಡೆಯ ಅಂಚಿನಾಚೆ ಎಸೆಯಲ್ಪಟ್ಟರು. ಏಳು ಜನ ಸತ್ತರು. ಸಾಹೇಬರು ಮೂವರೂ ಉಳಿದರು.

ಎವರೆಸ್ಟ್ ಮೇಲೆ ಹತ್ತುತ್ತಾ ಸತ್ತವರ ಪಟ್ಟಿ ಶುರುವಾಗುವುದೇ ಈ ಏಳು ಜನರಿಂದ. ಮಲ್ಲೊರಿ ಅದನ್ನು ದೈವದ ತಲೆಗೆ ಕಟ್ಟಲಿಲ್ಲ, ತಪ್ಪು ತನ್ನದು ಅಂತ ಹೆಂಡತಿಗೆ ಬರೆದ. ಸೋಮರ್‌ವೆಲ್‌ಗೆ ಇನ್ನೊಂದು ಸಂಕಟ. ಸತ್ತವರೆಲ್ಲ ಶೆರ್ಪಾಗಳು, ಭೋಟಿಯಾಗಳು. ನಮ್ಮಲ್ಲಿ ಒಬ್ಬರಾದರೂ ಅವರ ಜೊತೆ ಸಾಯಲಿಲ್ಲವಲ್ಲ ಅಂತ ಆತ ಕೊರಗಿದ. ಈ ಸೋಮರ್‌ವೆಲ್ ಯಾರು ಗೊತ್ತಾ? ಡಾಕ್ಟರು, ಸರ್ಜನ್. ಎವರೆಸ್ಟ್‌ನಿಂದ ಇಳಿದು ಭಾರತ ಸುತ್ತುತ್ತಾ ದಕ್ಷಿಣದ ತುದಿಗೆ ಬಂದ. ಆಗಿನ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳ ಸಾಲು ನೋಡಿ, ಲಂಡನ್ನಿನಲ್ಲಿ ಕಾದಿದ್ದ ವೃತ್ತಿಯನ್ನು ಬಿಟ್ಟು, ಅಲ್ಲೇ ಸೇವೆಗೆ ನಿಂತ. ನೆಯ್ಯೂರು, ಆಮೇಲೆ ವೆಲ್ಲೂರು, ಹೀಗೆ ಸುಮಾರು ನಾಲ್ಕು ದಶಕ ನಮ್ಮ ದಕ್ಷಿಣದಲ್ಲೇ ಕಳೆದ. ಹಿಮಕುಸಿತದ ಋಣ ತೀರಿಸಲು ಬಂದ ಅಂತ ನಾನು ಹೇಳಲಾರೆ. ಆದರೆ ‘ವಿಧಿಯಾಟ’ ಅಂದು ಕೈ ತೊಳೆದುಕೊಂಡವನಲ್ಲ ಅಂತ ಖಂಡಿತ ಹೇಳಬಹುದು.

ಹಾಗಾದರೆ ಹಿಮವನ್ನು ಶಾಪವಾಗಿ ನೋಡದೆ ವಸ್ತುವಾಗಿ ನೋಡಿದವರು ಯಾರು? ಸ್ವಿಟ್ಜರ್ಲೆಂಡಿನವರು. 1936ರಲ್ಲಿ ದಾವೋಸ್ ಊರಿನ ಮೇಲಿನ ವೈಸ್‌ಫ್ಲೂಯೋಕ್ ಎಂಬ ಎತ್ತರದ ಜಾಗದಲ್ಲಿ ಕೆಲವೇ ಸಂಶೋಧಕರು ಒಂದು ಸಣ್ಣ ಪ್ರಯೋಗಶಾಲೆ ಶುರು ಮಾಡಿದರು. ಅವರಲ್ಲಿ ಒಬ್ಬ ರಾಬರ್ಟ್ ಹೇಫೆಲಿ. ನಮ್ಮವನೇ, ಸಿವಿಲ್ ಎಂಜಿನಿಯರ್, ಮಣ್ಣಿನ ಶಾಸ್ತ್ರ ಬಲ್ಲವನು! ಇನ್ನೊಬ್ಬ ಹರಳುಗಳನ್ನು ಅಭ್ಯಾಸ ಮಾಡಿದ ಹೆನ್ರಿ ಬಾಡರ್. ಹಿಮದಲ್ಲಿ ಗುಂಡಿ ತೋಡು, ಪದರ ನೋಡು, ಹರಳು ನೋಡು, ಉಷ್ಣತೆ ಅಳೆ, ಎಷ್ಟು ಎಳೆದರೆ ಜಾರುತ್ತೆ ಲೆಕ್ಕ ಹಾಕು. ಮಣ್ಣಿಗೆ ಹಾಕುವ ಲೆಕ್ಕವನ್ನೇ ಹಿಮಕ್ಕೂ ಹಾಕಿದರು. ಬಿದ್ದ ಹಿಮ ಬಿದ್ದ ಹಾಗೇ ಇರುವುದಿಲ್ಲ, ದಿನದಿನಕ್ಕೂ ಒಳಗೊಳಗೇ ಬದಲಾಗುತ್ತೆ ಅಂತ ತೋರಿಸಿದರು. ಇವತ್ತು ಜಗತ್ತಿನಾದ್ಯಂತ ಹೊರಡುವ ಹಿಮಕುಸಿತದ ಮುನ್ಸೂಚನೆಗಳ ಬೇರು ಅಲ್ಲಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಯೂಟಾ ರಾಜ್ಯದ ಆಲ್ಟಾದಲ್ಲಿ ಮಾಂಟ್ಗೊಮೆರಿ ಆಟ್‌ವಾಟರ್ ಎಂಬ ಮಾಜಿ ಸೈನಿಕ ಅರಣ್ಯ ಇಲಾಖೆಯ ಹಿಮ ಕಾವಲುಗಾರನಾಗಿ ಸೇರಿದ. ಅವನ ಉಪಾಯ ಇನ್ನೂ ಮಜವಾಗಿದೆ. ಇಳಿಜಾರು ಕುಸಿಯುವುದು ಖಚಿತ ಅಂದಮೇಲೆ ಅದು ಕುಸಿಯುವ ಹೊತ್ತನ್ನು ನಾವೇ ಯಾಕೆ ನಿಗದಿ ಮಾಡಬಾರದು? ಕೆಳಗೆ ಯಾರೂ ಇಲ್ಲದ ಹೊತ್ತಿಗೆ ಫಿರಂಗಿಯಿಂದ ಗುಂಡು ಹಾರಿಸಿ ಹಿಮ ಕೆಡವುವ ಪದ್ಧತಿ ಅಲ್ಲಿ ಬೆಳೆಯಿತು. ಯುದ್ಧದ ಫಿರಂಗಿ ಜೀವ ಉಳಿಸುವ ಕೆಲಸಕ್ಕೆ ಬಂತು.

ನಾವೇನು ಹಿಂದೆ ಬಿದ್ದಿಲ್ಲ. 1969ರಲ್ಲೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನಕ್ಕೆ ನಮ್ಮದೇ ಸಂಸ್ಥೆ ಶುರುವಾಯಿತು. ‘ಸಾಸೆ’ ಅಂತ ಕರೆಯುತ್ತಿದ್ದರು. ಡಿಆರ್‌ಡಿಒ ಕುಟುಂಬದ್ದು. 2020ರಲ್ಲಿ ಇನ್ನೊಂದು ಪ್ರಯೋಗಾಲಯದ ಜೊತೆ ವಿಲೀನವಾಗಿ ಈಗ ಅದರ ಹೆಸರು ಡಿಜಿಆರ್‌ಇ, ಕೇಂದ್ರ ಚಂಡೀಗಢ. ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಿಗೆ ಎಚ್ಚರಿಕೆ ಕೊಡುವುದು ಅವರೇ.

ಅಂದರೆ ಜ್ಞಾನ ಇದೆ. ಸಂಸ್ಥೆ ಇದೆ. ಎಚ್ಚರಿಕೆಯೂ ಹೊರಡುತ್ತೆ. ಮತ್ಯಾಕೆ ಜನ ಸಾಯ್ತಾರೆ?

ಮೂರು ಉದಾಹರಣೆ ಕೊಡ್ತೀನಿ.

2012ರ ಏಪ್ರಿಲ್ 7. ಸಿಯಾಚಿನ್ ಹತ್ತಿರದ ಗಯಾರಿ. ಪಾಕಿಸ್ತಾನ ಸೇನೆಯ ನೆಲೆ. ಹಿಮದ ಕೆಳಗೆ ಹೂತುಹೋದವರು 140 ಜನ, 129 ಸೈನಿಕರು ಮತ್ತು 11 ನಾಗರಿಕರು. ಒಬ್ಬರೂ ಉಳಿಯಲಿಲ್ಲ. ಸುಮಾರು ಎರಡು ದಶಕಗಳಿಂದ ಅಲ್ಲಿ ನೆಲೆ ಇತ್ತು, ಇಂಥದ್ದು ಆಗಿರಲಿಲ್ಲ. ‘ಇಷ್ಟು ವರ್ಷ ಏನೂ ಆಗಿಲ್ಲ’ ಅನ್ನೋದು ಬೆಟ್ಟದಲ್ಲಿ ಭರವಸೆಯೇ ಅಲ್ಲ. ಶತ್ರು ದೇಶದ ಸೈನಿಕರು ನಿಜ. ಆದರೆ ಅವರನ್ನು ಕೊಂದಿದ್ದು ನಮ್ಮ ಗುಂಡಲ್ಲ. ನಾಲ್ಕು ವರ್ಷದ ನಂತರ ನಮ್ಮ ಹನುಮಂತಪ್ಪನವರನ್ನು ಕೊಂದಿದ್ದೂ ಅವರ ಗುಂಡಲ್ಲ. 1984ರಿಂದ ಆ ಎತ್ತರದಲ್ಲಿ ಎರಡೂ ಸೇನೆಗಳು ಗುಂಡಿಗಿಂತ ಹೆಚ್ಚಾಗಿ ಸೋತಿರುವುದು ಹಿಮಕ್ಕೆ, ಚಳಿಗೆ.

2023ರ ಏಪ್ರಿಲ್ 4. ಸಿಕ್ಕಿಂ. ಗ್ಯಾಂಗ್‌ಟಾಕ್‌ನಿಂದ ನಾಥು ಲಾಗೆ ಹೋಗುವ ರಸ್ತೆ. ಅವತ್ತು ಪ್ರವಾಸಿಗರಿಗೆ ಪರವಾನಗಿ ಇದ್ದದ್ದು 13ನೇ ಮೈಲಿವರೆಗೆ ಮಾತ್ರ ಅಂತ ಅಧಿಕಾರಿಗಳು ಹೇಳಿದರು. ಆದರೆ ಹಿಮ ನೋಡುವ ಆಸೆಗೆ ಜನ 15ನೇ ಮೈಲಿವರೆಗೆ ಹೋಗಿದ್ದರು. ವಸಂತ, ಮಧ್ಯಾಹ್ನದ ಹೊತ್ತು, ಹಿಮ ತುಂಬಿದ ಇಳಿಜಾರಿನ ಬುಡ. ಏಳು ಜನ ಸತ್ತರು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಸರ್ ಪಾಸ್‌ನಲ್ಲಿ ವಿಡಿಯೋ ಮಾಡುತ್ತಾ ನಿಂತವನು ನಾನು.

2025ರ ಫೆಬ್ರವರಿ 28. ಚಳಿಗಾಲದ ಬಾಲ. ಬದರಿನಾಥದ ಹತ್ತಿರದ ಮಾಣಾ. ಗಡಿ ರಸ್ತೆಯ ಹಿಮ ತೆಗೆಯುವ 54 ಕಾರ್ಮಿಕರು ಕಬ್ಬಿಣದ ಕಂಟೇನರ್‌ಗಳಲ್ಲಿ ವಾಸವಿದ್ದರು. ಕುಸಿತ ಬಂದು ಕಂಟೇನರ್ ಸಮೇತ ಅವರನ್ನು ಎಸೆಯಿತು. ಸೇನೆ, ಐಟಿಬಿಪಿಯವರು ಹಗಲು ರಾತ್ರಿ ಒಂದು ಮಾಡಿ 46 ಜನರನ್ನು ಉಳಿಸಿದರು. ಎಂಟು ಜನ ಹೋದರು. ಈಗ ಕೇಳಿ. ಆ ಪ್ರದೇಶದ ಎತ್ತರದ ಜಾಗಗಳಿಗೆ ಹಿಮಕುಸಿತದ ಎಚ್ಚರಿಕೆ ಹಿಂದಿನ ದಿನವೇ ಹೊರಟಿತ್ತು. ಚಂಡೀಗಢದಿಂದ ಕಾಗದ ಹೊರಟಿತ್ತು. ಆದರೆ ಕಾರ್ಮಿಕರು ಮಾತ್ರ ಅಲ್ಲೇ ಮಲಗಿದ್ದರು.

1910ರ ರೋಜರ್ಸ್ ಪಾಸ್‌ನಲ್ಲಿ ಹಿಮ ತೆಗೆಯುತ್ತಿದ್ದ ಕೂಲಿಗಳು. 2025ರ ಮಾಣಾದಲ್ಲಿ ಹಿಮ ತೆಗೆಯಲು ಬಂದ ಕೂಲಿಗಳು. ನಡುವೆ 115 ವರ್ಷ, ಒಂದು ಇಡೀ ವಿಜ್ಞಾನ. ಎಚ್ಚರಿಕೆ ಅನ್ನೋದು ಅದನ್ನು ಕೇಳಿ ಜಾಗ ಖಾಲಿ ಮಾಡುವ ಅಧಿಕಾರ ಇರುವವನಿಗೆ ಮಾತ್ರ ಎಚ್ಚರಿಕೆ. ರೈಲಿನಲ್ಲಿದ್ದವರಿಗೆ ಆ ಅಧಿಕಾರ ಇರಲಿಲ್ಲ. ಎವರೆಸ್ಟಿನ ಹೊರೆಯಾಳಿಗೆ ಇರಲಿಲ್ಲ. ಕಂಟೇನರಿನಲ್ಲಿದ್ದವನಿಗೂ ಇರಲಿಲ್ಲ. ಹೊರಡುವ ಹೊತ್ತು, ನಿಲ್ಲುವ ಜಾಗ ನಿರ್ಧರಿಸುವವರು ಒಬ್ಬರು, ಹೂತುಹೋಗುವವರು ಇನ್ನೊಬ್ಬರು. ‘ಏಕಾಏಕಿ’ ಅಂತ ಬರೆದಾಗ ನಾನು ಮುಚ್ಚಿಟ್ಟಿದ್ದು ಇದನ್ನೇ.

ಹಾಗಂತ ಎಲ್ಲವನ್ನೂ ಮೊದಲೇ ಹೇಳಬಹುದು ಅಂತ ನಾನು ವಾದಿಸುತ್ತಿಲ್ಲ. 2014ರ ಏಪ್ರಿಲ್ 18ರ ಬೆಳಿಗ್ಗೆ ಎವರೆಸ್ಟಿನ ಖುಂಬು ಹಿಮಜರಿಯ ಮೇಲೆ ಮಂಜುಗಡ್ಡೆಯ ಬಂಡೆ ಮುರಿದು 16 ನೇಪಾಳಿ ಕೆಲಸಗಾರರು ಸತ್ತರು. ಅವರು ಬೆಳಿಗ್ಗೆ ಬೇಗನೇ ಹೊರಟಿದ್ದರು. ನೇತಾಡುವ ಮಂಜುಗಡ್ಡೆಗೆ ಟೈಮ್‌ಟೇಬಲ್ ಇಲ್ಲ. ಸೋನಮ್ ಪೋಸ್ಟ್ ಮೇಲೆ ಬಿದ್ದಿದ್ದೂ ದೊಡ್ಡ ಹಿಮಗೋಡೆ, ಅದು ವಸಂತದ ಬಿಸಿಲಿಗೆ ಕರಗಿದ ಹಿಮವಲ್ಲ. ಅದರ ಗಂಟೆ, ನಿಮಿಷ ಹೇಳುವವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಆದರೆ ಗಂಟೆ ಹೇಳಲಾಗದು ಅನ್ನೋದು ಬೇರೆ, ಜಾಗ ಗೊತ್ತಿರಲಿಲ್ಲ ಅನ್ನೋದು ಬೇರೆ. ದೇಶ ಕಾಯುವವರು ಆ ಅಪಾಯ ಗೊತ್ತಿದ್ದೇ ಅಲ್ಲಿ ನಿಲ್ಲುತ್ತಾರೆ. ಅವರದ್ದು ವಿಧಿಯಲ್ಲ, ಆಯ್ಕೆ. ಅದನ್ನು ವಿಧಿ ಅಂದರೆ ಅವರ ಧೈರ್ಯವನ್ನೇ ಕಸಿದುಕೊಂಡ ಹಾಗೆ.

‘ಪವಾಡ’ದ ಲೆಕ್ಕವೂ ಒಂದು ಬಾಕಿ ಇದೆ. ಹಿಮದಲ್ಲಿ ಪೂರ್ತಿ ಹೂತವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ, 35 ನಿಮಿಷವಾದರೆ ಬದುಕುವವರು ಸುಮಾರು ಮೂರು ಜನ. ಸ್ವಿಟ್ಜರ್ಲೆಂಡಿನ ಅಪಘಾತಗಳನ್ನು ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದ ಲೆಕ್ಕ ಇದು. ನಿಂತ ಹಿಮ ಸಿಮೆಂಟಿನಂತೆ ಗಟ್ಟಿಯಾಗುತ್ತೆ, ಬೆರಳು ಅಲ್ಲಾಡಿಸಲೂ ಆಗುವುದಿಲ್ಲ, ಉಸಿರು ಮುಗಿಯುತ್ತೆ. ಅದಕ್ಕೇ ಹಿಮದ ದಾರಿಯಲ್ಲಿ ಹೋಗುವವರ ಹತ್ತಿರ ಸಂಕೇತ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ, ಸಲಿಕೆ ಮೂರೂ ಇರಬೇಕು ಅನ್ನೋದು. ನಿಮ್ಮನ್ನು ಉಳಿಸುವುದು ಹೆಲಿಕಾಪ್ಟರ್ ಅಲ್ಲ, ಪಕ್ಕದಲ್ಲಿರುವ ಗೆಳೆಯ. ಆ ಲೆಕ್ಕದ ಎದುರು ಹನುಮಂತಪ್ಪನವರ ಆರು ದಿನ ಇಟ್ಟು ನೋಡಿ. ಅವರಿಗೆ ಟೆಂಟಿನ ಮರೆಯಲ್ಲಿ ಒಂದಿಷ್ಟು ಗಾಳಿ ಉಳಿದಿತ್ತು. ಮೇಲೆ, ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಯಲ್ಲಿ, ಮಂಜು ಕೊರೆಯುತ್ತಾ ಹುಡುಕಾಟ ನಿಲ್ಲಿಸದ ಜೊತೆಗಾರರಿದ್ದರು, ಮೂಸಿ ಹುಡುಕುವ ಎರಡು ನಾಯಿಗಳಿದ್ದವು. ನಾನು ಪವಾಡ ಅಂದಿದ್ದರ ಒಳಗೆ ಅಷ್ಟು ಜನರ ದುಡಿಮೆ ಇತ್ತು.

ಈ ವರ್ಷವೂ ಪರೀಕ್ಷೆ ಮುಗಿಯುತ್ತಿದ್ದಂತೆ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಮಂಗಳೂರಿನಿಂದ ನಮ್ಮ ಮಕ್ಕಳು ಹಿಮಾಲಯಕ್ಕೆ ಹೊರಡುತ್ತಾರೆ. ಹೋಗಲಿ, ಹೋಗಬೇಕು. ಅವರ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ಸ್ವೆಟರ್ ಇಟ್ಟುಕೊಂಡಿಯಾ ಅಂತ ಕೇಳುವ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ಹಿಮದ ಇಳಿಜಾರು ದಾಟುವ ದಿನ ಎಷ್ಟು ಗಂಟೆಗೆ ಹೊರಡ್ತೀರಿ? ಹವೆ ಕೆಟ್ಟರೆ ವಾಪಸ್ ಬನ್ನಿ ಅನ್ನುವ ಅಧಿಕಾರ ನಿಮ್ಮ ಗುಂಪಿನಲ್ಲಿ ಯಾರಿಗಿದೆ? ಎರಡನೆಯದಕ್ಕೆ ಉತ್ತರ ಇಲ್ಲದ ಗುಂಪಿನ ಜೊತೆ ಕಳಿಸಬೇಡಿ. ಬೆಳಗಿನ ಜಾವ ಎರಡೂವರೆಗೆ ಎಬ್ಬಿಸುವ ಗೈಡ್ ಸಿಕ್ಕರೆ ಮಾತ್ರ ನಿಶ್ಚಿಂತೆಯಾಗಿ ಕಳಿಸಿ.

ಮಾಣಾದ ಸುದ್ದಿ ಬಂದ ದಿನ ನಾನು ಬುಲೆಟಿನ್ ಓದಲು ಸ್ಟುಡಿಯೋಗೆ ಹೋಗುವ ಮೊದಲು ಡೆಸ್ಕಿನ ಹುಡುಗ ಟಿಕ್ಕರ್ ತೋರಿಸಿದ. ‘ಬದರಿನಾಥ ಬಳಿ ಏಕಾಏಕಿ ಹಿಮಪಾತ’. ಒಂಬತ್ತು ವರ್ಷದ ಹಿಂದೆ ನಾನೇ ಕೂರುತ್ತಿದ್ದ ಕುರ್ಚಿ ಅದು. ಎರಡು ಪದ ಹೊಡೆಸಿ ಹಾಕಿದೆ. ‘ಎಚ್ಚರಿಕೆಯ ಮರುದಿನವೇ ಹಿಮಕುಸಿತ’ ಅಂತ ಬರೆಸಿದೆ. ಹುಡುಗ ಕೇಳಿದ, “ಯಾಕ್ ಸರ್, ಏಕಾಏಕಿ ಅಂದ್ರೆ ಪಂಚ್ ಇರುತ್ತಲ್ವಾ?”

“ಗುಡ್ಡದಾಗ ಹಿಮ ಏಕಾಏಕಿ ಏನೂ ಮಾಡಂಗಿಲ್ಲ ತಮ್ಮಾ” ಅಂದೆ.